ಡೇಟು ಮುಗಿದ ರೀಲು, ತಾತನ ಮಗ್ಗ

ಚಳ್ಳಕೆರೆಯಲ್ಲಿ ಬಾಗಿಲು ಹಾಕಿದ ಸ್ಟುಡಿಯೊ ಒಂದರ ಅಟ್ಟ ಖಾಲಿ ಮಾಡಲು ಹೋಗಿದ್ದೆ. ಕೂಲಿಯ ಬದಲು ಸಿಕ್ಕಿದ್ದು ಹಳೆಯದೊಂದು ಕ್ಯಾಮೆರಾ ಮತ್ತು ಆರು ಕೊಡಕ್ ಕಲರ್ ರೀಲು. ಇನ್‌ಸ್ಟಾಗ್ರಾಂನ ರೀಲ್ಸ್ ಅಲ್ಲ, ಡಬ್ಬಿಯಲ್ಲಿ ಸುತ್ತಿಟ್ಟ ನಿಜವಾದ ರೀಲು. ಡಬ್ಬಿಯ ಮೇಲಿದ್ದ ಗಡುವು 2006ರದ್ದು. ಡಿಗ್ರಿ ಮುಗಿಸಿ ಪಿಡಿಒ ಪರೀಕ್ಷೆಗೆ ಓದುತ್ತಾ ಮನೆಯಲ್ಲಿ ಕುಳಿತವನಿಗೆ ಇದಕ್ಕಿಂತ ದೊಡ್ಡ ನಿಧಿ ಬೇಕೆ? ಹೊಸ ಕಲರ್ ರೀಲಿಗೆ ಸಾವಿರ ರೂಪಾಯಿಯ ಆಸುಪಾಸು ಕೊಡಬೇಕು. ತೊಳೆಸುವ ಖರ್ಚು ಬೇರೆ.

ಈಗ ಅವಧಿ ಮೀರಿದ ಫಿಲ್ಮ್ ಫ್ಯಾಷನ್ ಆಗಿದೆ. ಮಸುಕು ಬಣ್ಣ, ಮರಳು ಎರಚಿದಂಥ ಕಾಳು, ನೇರಳೆ ಛಾಯೆ, ಇದಕ್ಕೆಲ್ಲ ಆನ್‌ಲೈನ್‌ನಲ್ಲಿ ‘ಏಸ್ತೆಟಿಕ್’ ಎಂದು ಹೆಸರಿಟ್ಟು ಮಾರುತ್ತಾರೆ. ನಾನೂ ಮರುಳಾದೆ. ಹತ್ತು ವರ್ಷ ಹಳೆಯದಾದರೆ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡು ಎಂಬ ವಾಡಿಕೆಯ ಲೆಕ್ಕ ಓದಿಕೊಂಡೆ. ಹದಿನೆಂಟು ವರ್ಷಕ್ಕೆ ಎರಡು ಸ್ಟಾಪ್ ಹಿಡಿದು, 200ರ ಫಿಲ್ಮನ್ನು 50 ಎಂದು ಭಾವಿಸಿ ಕ್ಯಾಮೆರಾ ಹೊಂದಿಸಿದೆ. ಮೊದಲ ರೀಲು ಹಾಕಿಕೊಂಡು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆ. 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನ ಪತ್ತೆ ಮಾಡಿದ ಜಾಗ ಅದು. (ಎರಡು ಸಾವಿರ ವರ್ಷ ದಾಟಿದ ಅಕ್ಷರ ಅಲ್ಲಿ ಇನ್ನೂ ಇದೆ, ನನ್ನ ರೀಲಿಗೆ ಹದಿನೆಂಟು ವರ್ಷವೇ ಭಾರವಾಗಿತ್ತು.) ಸುಡು ಬಿಸಿಲು, ಬಂಡೆ, ಜಾಲಿ ಗಿಡ. ಬೆಂಗಳೂರಿನ ಲ್ಯಾಬಿನಿಂದ ಚಿತ್ರಗಳು ಬಂದಾಗ ಗೆಳೆಯರೆಲ್ಲ ಹೊಗಳಿದ್ದೇ ಹೊಗಳಿದ್ದು.

ಆ ಹೊಗಳಿಕೆಯೇ ನನ್ನನ್ನು ಹಾಳು ಮಾಡಿತು.

ಎರಡನೆಯ ರೀಲು ತೆಗೆದುಕೊಂಡು ಮೊಳಕಾಲ್ಮುರಿನ ತಾತನ ಮನೆಗೆ ಹೋದೆ. ತಾತ ರೇಷ್ಮೆ ಸೀರೆ ನೇಯುವವರು. ಕುಣಿ ಮಗ್ಗದ ಮೇಲೆ ಗಿಳಿಹಸಿರು ಒಡಲು, ಕೆಂಪು ಅಂಚಿನ ಸೀರೆ ಅರ್ಧ ಮುಗಿದಿತ್ತು. ಇದೇ ಕೊನೆಯದು, ಇನ್ನು ಕಣ್ಣು ಆಗುವುದಿಲ್ಲ ಎಂದಿದ್ದರು. ಮಗ್ಗದ ಕೋಣೆಗೆ ಒಂದೇ ಕಿಟಕಿ. ಲಾಳಿ ಓಡಿಸುವ ಕೈ, ಕುಣಿಯೊಳಗೆ ಇಳಿಬಿಟ್ಟ ಕಾಲು, ಎಲ್ಲವನ್ನೂ ಮೂವತ್ತಾರು ಫ್ರೇಮುಗಳಲ್ಲಿ ತೆಗೆದೆ. ಫೋನ್ ಜೇಬಲ್ಲೇ ಇತ್ತು. ಫೋನಿನಲ್ಲಿ ಯಾರು ಬೇಕಾದರೂ ತೆಗೆಯುತ್ತಾರೆ ಎಂಬ ಜಂಬ, ಹೊರಗೆ ತೆಗೆಯಲೇ ಇಲ್ಲ.

ಲ್ಯಾಬಿನಿಂದ ಬಂದದ್ದು ಮೂವತ್ತಾರು ಕಂದು ಮಬ್ಬುಗಳು. ಕಿಟಕಿಯೊಂದು ಬಿಳಿ ಚೌಕವಾಗಿ ಕಾಣುತ್ತದೆ, ಅದರ ಮುಂದೆ ಒಂದು ತಲೆಯ ಆಕಾರ. ಹಸಿರು ಯಾವುದು, ಕೆಂಪು ಯಾವುದು, ದೇವರಿಗೇ ಗೊತ್ತು. ಮತ್ತೆ ತೆಗೆಯೋಣ ಅಂದುಕೊಳ್ಳುವಷ್ಟರಲ್ಲಿ ಯುಗಾದಿಗೆ ಮೊದಲೇ ತಾತ ತೀರಿಕೊಂಡರು.

ಆಮೇಲೆ ಕಾರಣ ಹುಡುಕಿದೆ. ಬಣ್ಣದ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕು ಹಿಡಿಯುವ ಬೇರೆ ಬೇರೆ ಪದರಗಳಿರುತ್ತವೆ. ಶಾಖಕ್ಕೆ ಅವು ಒಂದೇ ಸಮನಾಗಿ ಮುದಿಯಾಗುವುದಿಲ್ಲ, ಹಾಗಾಗಿ ಬಣ್ಣ ಒಂದು ಕಡೆಗೆ ವಾಲುತ್ತದೆ. ಜೊತೆಗೆ ಬೆಳಕೇ ಬೀಳದಿದ್ದರೂ ಇಡೀ ಫಿಲ್ಮಿಗೆ ಒಂದು ಮಂಜು ಕವಿಯುತ್ತದೆ. ಬಿಸಿಲಿನಲ್ಲಿ ತೆಗೆದ ಚಿತ್ರ ಆ ಮಂಜನ್ನು ದಾಟಿ ಎದ್ದು ನಿಲ್ಲುತ್ತದೆ. ನೆರಳು ಅದರಲ್ಲೇ ಮುಳುಗುತ್ತದೆ. ಬ್ರಹ್ಮಗಿರಿಯ ಬಿಸಿಲು ನನಗೆ ಸುಳ್ಳು ಧೈರ್ಯ ಕೊಟ್ಟಿತ್ತು ಅಷ್ಟೆ. ಹತ್ತು ವರ್ಷಕ್ಕೊಂದು ಸ್ಟಾಪ್ ಎನ್ನುವ ಲೆಕ್ಕವೂ ಒಂದಿಷ್ಟು ತಂಪಿನಲ್ಲಿದ್ದ ರೀಲಿಗೆ ಸರಿ. ನಮ್ಮ ಸ್ಟುಡಿಯೊದ ಅಟ್ಟದ ಮೇಲಿದ್ದದ್ದು ತಗಡು. ಬಣ್ಣದ ರೀಲನ್ನು ತೊಳೆಯುವ ರಾಸಾಯನಿಕದ ಬಿಸಿಯೇ 38 ಡಿಗ್ರಿ ಇರಬೇಕು. ಚಳ್ಳಕೆರೆಯ ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಅಷ್ಟು ಬಿಸಿ ಪುಕ್ಕಟೆ ಸಿಗುತ್ತದೆ.

ಆದ್ದರಿಂದ ನನ್ನ ವಾದ ಇಷ್ಟು: ಹಳೆಯ ರೀಲು ಕೊಳ್ಳುವವರು ಡಬ್ಬಿಯ ಮೇಲಿನ ತಾರೀಖು ನೋಡಿ ಚೌಕಾಸಿ ಮಾಡುವುದು ದಂಡ. ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿ. ಉತ್ತರ ಬರದಿದ್ದರೆ ಅದು ಆಟಕ್ಕೆ ಮಾತ್ರ. ಒಂದೇ ಕಟ್ಟಿನ ರೀಲುಗಳಲ್ಲಿ ಒಂದನ್ನು ಬಿಸಿಲಲ್ಲೂ ನೆರಳಲ್ಲೂ ಸುಟ್ಟು ನೋಡಿ, ಬೆಳಕನ್ನು ಒಂದು, ಎರಡು, ಮೂರು ಸ್ಟಾಪ್ ಏರಿಸಿ ಬರೆದಿಟ್ಟುಕೊಳ್ಳಿ. ಮತ್ತೆ ಸಿಗದ ಮುಖವನ್ನು, ಮದುವೆಯನ್ನು ಅದರಲ್ಲಿ ತೆಗೆಯಬೇಡಿ. ಅಷ್ಟೂ ಆಸೆಯಿದ್ದರೆ ಫೋನನ್ನೂ ಹೊರಗೆ ತೆಗೆಯಿರಿ, ಜಂಬಕ್ಕೇನೂ ಕಮ್ಮಿಯಾಗುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ತುರ್ತಿನದು. ತಾತನ ತಿಥಿಗೆ ಹೋದಾಗ ಅಜ್ಜಿಯ ಟ್ರಂಕಿನಲ್ಲಿ, ಸೀರೆಗಳ ನಡುವೆ, ಒಂದು ರೀಲು ಸಿಕ್ಕಿತು. ತೆಗೆದದ್ದು, ಆದರೆ ತೊಳೆಸದ್ದು. ಮಾವನ ಮದುವೆಯ ಹೊತ್ತಿನದಂತೆ. ಇಪ್ಪತ್ತು ವರ್ಷದ ಮೇಲಾಗಿದೆ. ಆಗ ಸ್ಟುಡಿಯೊಗೆ ಕೊಡಲು ಕಾಸಿರಲಿಲ್ಲ, ಆಮೇಲೆ ಎಲ್ಲರೂ ಮರೆತರು. ನಾನು ಆಸೆಯಿಲ್ಲದೆಯೇ ಕಳಿಸಿದೆ. ಹನ್ನೊಂದು ಚಿತ್ರ ಬಂದವು! ಅದು ಮಣ್ಣಿನ ಮಾಳಿಗೆ ಮನೆ, ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ. ಒಂದರಲ್ಲಿ ತಾತ ಮಗ್ಗದ ಪಕ್ಕ ನಿಂತಿದ್ದಾರೆ, ಮೀಸೆ ಇನ್ನೂ ಕಪ್ಪು. ಬಣ್ಣ ಇಳಿದಿದೆ, ಆದರೂ ಅಜ್ಜಿ ಮಗ್ಗದ ಮೇಲಿನ ಸೀರೆಯನ್ನು ಗುರುತಿಸಿ, ಅದು ಬಾಳೆಕಾಯಿ ಬಣ್ಣ ಅಂದಳು.

ನಿಮ್ಮ ಮನೆಯ ಬೀರುವಿನಲ್ಲೂ ಇಂಥದ್ದೊಂದು ಡಬ್ಬಿ ಇರಬಹುದು. ಬಳಸದ ಫಿಲ್ಮ್ ಫ್ರಿಜ್ಜಿನಲ್ಲಿ ಕಾಯುತ್ತದೆ. ತೆಗೆದಿಟ್ಟ ಚಿತ್ರ ವರ್ಷ ವರ್ಷಕ್ಕೂ ಕರಗುತ್ತದೆ. ಈ ವಾರವೇ ಹುಡುಕಿ, ತೊಳೆಸಲು ಕಳಿಸಿ.

ಉಳಿದ ನಾಲ್ಕು ರೀಲು ಈಗ ನಮ್ಮ ಫ್ರಿಜ್ಜಿನಲ್ಲಿವೆ, ಗಾಳಿಯಾಡದ ಪ್ಲಾಸ್ಟಿಕ್ ಚೀಲದೊಳಗೆ. ಹೊರಗೆ ತೆಗೆದ ಕೂಡಲೇ ಬಿಚ್ಚಿದರೆ ತೇವ ಕೂರುತ್ತದೆಂದು ಮೂರ್ನಾಲ್ಕು ಗಂಟೆ ಹಾಗೇ ಬಿಡಬೇಕು. ಮೊಸರಿನ ಪಾತ್ರೆಗೆ ಜಾಗ ಇಲ್ಲ ಎಂದು ಅಮ್ಮ ದಿನಾ ಗೊಣಗುತ್ತಾಳೆ.