ಕೋಳಿಯ ನೀರಿಗೆ ಬೆರೆಸುವ ಔಷಧಿ

ಕಾಫಿ, ಅಡಿಕೆಯ ಜೊತೆಗೆ ಇಪ್ಪತ್ತೈದೋ ಐವತ್ತೋ ಕೋಳಿ ಸಾಕಿ ಮನೆಖರ್ಚು ಸರಿದೂಗಿಸಿಕೊಳ್ಳುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಗಿರಿರಾಜ ಮರಿ ತಂದವರೂ ಉಂಟು, ನಾಟಿ ಕೋಳಿಯನ್ನೇ ನೆಚ್ಚಿಕೊಂಡವರೂ ಉಂಟು. ಮಳೆ ಹಿಡಿದೊಡನೆ, ರೋಗವಿರಲಿ ಇಲ್ಲದಿರಲಿ, ಕುಡಿಯುವ ನೀರಿಗೆ ಟೆಟ್ರಾಸೈಕ್ಲಿನ್ ಪುಡಿ ಬೆರೆಸುವುದು ಕೆಲವರ ರೂಢಿ. ಅದರ ಬದಲು ಪ್ರೊಬಯಾಟಿಕ್ ಮತ್ತು ಗಿಡಮೂಲಿಕೆಯ ಬಾಟಲಿಗಳನ್ನು ಸಂಘದ ಮಳಿಗೆಯಲ್ಲಿ ಇಡಬೇಕೆಂಬ ಬೇಡಿಕೆ ಈಗ ಬಂದಿದೆ. ಈ ಬಗ್ಗೆ ನನ್ನ ಅಭಿಪ್ರಾಯವನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಪುಡಿಯನ್ನು ಬಿಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ದಿನವೂ ಅಷ್ಟಿಷ್ಟು ಔಷಧಿ ಕೊಟ್ಟರೆ ದುರ್ಬಲ ರೋಗಾಣುಗಳು ಸತ್ತು, ಔಷಧಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ಬೆಳವಣಿಗೆಗೆಂದು ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲೂ ಐರೋಪ್ಯ ಒಕ್ಕೂಟ 2006ರಲ್ಲೂ ನಿಷೇಧಿಸಿದವು. ನಮ್ಮ ಕೇಂದ್ರ ಸರ್ಕಾರ 2019ರಲ್ಲಿ ಕೋಳಿ ಮತ್ತು ಜಾನುವಾರುಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಬೇರಾವ ಔಷಧಿಯೂ ನಾಟದಾಗ ಮನುಷ್ಯರ ಚಿಕಿತ್ಸೆಗೆ ಉಳಿಯುವ ಕೊನೆಯ ಔಷಧಿಗಳಲ್ಲಿ ಅದೂ ಒಂದು. ತೋಟಗಾರರಾದ ನಮಗೆ ಮತ್ತೊಂದು ಕಾರಣವಿದೆ. ಕೋಳಿ ಸೇವಿಸಿದ ಟೆಟ್ರಾಸೈಕ್ಲಿನ್ನಿನ ದೊಡ್ಡ ಪಾಲು ಹಿಕ್ಕೆಯಲ್ಲಿ ಹೊರಬೀಳುತ್ತದೆ. ಆ ಗೊಬ್ಬರವನ್ನೇ ನಾವು ಅಡಿಕೆ ಬುಡಕ್ಕೂ ಕಾಫಿ ಗಿಡಕ್ಕೂ ಹಾಕುತ್ತೇವೆ. ಕುಡಿಯುವ ನೀರಿನ ಬಾವಿ ಹಲವರಿಗೆ ತೋಟದಲ್ಲೇ ಇದೆ.

ಹಾಗಾದರೆ ಹೊಸ ಬಾಟಲಿಗಳು ಪುಡಿಯ ಕೆಲಸ ಮಾಡುತ್ತವೆಯೇ? ಪ್ರೊಬಯಾಟಿಕ್ ಬರಿಯ ಪ್ರಚಾರವಲ್ಲ. ಬೆಳೆದ ಕೋಳಿಯ ಕರುಳಿನ ಅಣುಜೀವಿಗಳನ್ನು ಎಳೆಮರಿಗೆ ಕುಡಿಸಿದರೆ ಸಾಲ್ಮೊನೆಲ್ಲಾ ರೋಗಾಣು ಸುಲಭವಾಗಿ ನೆಲೆಯೂರಲಾರದೆಂದು ಫಿನ್ಲೆಂಡಿನ ನುರ್ಮಿ ಮತ್ತು ರಾಂಟಾಲಾ 1973ರಲ್ಲಿ ತೋರಿಸಿಕೊಟ್ಟರು. ಯಂತ್ರದಲ್ಲಿ ಒಡೆದ ಮರಿಗೆ ತಾಯಿಯ ಸಹವಾಸವಿಲ್ಲ. ಅದಕ್ಕೆ ಮೊದಲ ದಿನಗಳಲ್ಲಿ ಪ್ರೊಬಯಾಟಿಕ್ ಕೊಡುವುದರಲ್ಲಿ ಅರ್ಥವಿದೆ. ಹೇಂಟೆಯ ಹಿಂದೆಯೇ ಮಣ್ಣು ಕೆದರುವ ಮರಿಗೆ ತಾಯಿಯಿಂದಲೇ ಅದು ದೊರೆತಿರುತ್ತದೆ, ಅದಕ್ಕೇಕೆ ದುಡ್ಡು? ಅರಿಸಿನ, ಬೆಳ್ಳುಳ್ಳಿ, ನೆಲಬೇವುಗಳ ಮೇಲೂ ಪ್ರಯೋಗಗಳು ನಡೆದಿವೆ. ಕೆಲವೆಡೆ ಗುಣ ಕಂಡಿದೆ, ಕೆಲವೆಡೆ ಇಲ್ಲ. ಹಿತ್ತಿಲಲ್ಲಿ ಬೆಳೆದದ್ದನ್ನು ಕೊಡುವವರು ಕೊಡಲಿ. ಆದರೆ ಸರ್ವರೋಗ ನಿವಾರಕವೆಂದು ಅಚ್ಚು ಹಾಕಿದ ಬಾಟಲಿಯನ್ನು ಸಂಘದ ಹೆಸರಿನಲ್ಲಿ ಮಾರುವುದು ನನಗೆ ಒಪ್ಪಿಗೆಯಿಲ್ಲ.

ಹಿತ್ತಿಲ ಕೋಳಿಗಳನ್ನು ಗುಂಪುಗುಂಪಾಗಿ ಕೊಲ್ಲುವ ರಾಣಿಖೇತ್, ಅಂದರೆ ಕೊಕ್ಕರೆ ರೋಗ, ವೈರಸ್ಸಿನಿಂದ ಬರುವಂಥದು. ಅದಕ್ಕೆ ಟೆಟ್ರಾಸೈಕ್ಲಿನ್ ನಾಟುವುದಿಲ್ಲ, ನೆಲಬೇವೂ ಲಸಿಕೆಗೆ ಬದಲಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹಾಕುವ ಹನಿ, ಎಂಟು ವಾರದ ಸುಮಾರಿಗೆ ಕೊಡುವ ಚುಚ್ಚುಮದ್ದು ಇವೇ ಕಾಪಾಡುವುವು. ಮಳೆಗಾಲದ ರಕ್ತಭೇದಿಗೆ ಗೂಡಿನ ಒದ್ದೆ ನೆಲ ಮುಖ್ಯ ಕಾರಣ. ಭತ್ತದ ಹೊಟ್ಟನ್ನು ಆಗಾಗ ತಿರುವಿ ಒಣಗಿಸಿಟ್ಟರೆ, ನೀರಿನ ಪಾತ್ರೆ ಚೆಲ್ಲದಂತೆ ನೋಡಿಕೊಂಡರೆ ಅದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆಯಲು ಓಡುವವರು ನಾವಲ್ಲ. ಮಳೆಗೆ ಮೊದಲೇ ಹೊಡೆಯುತ್ತೇವೆ. ಅದೇ ವಿವೇಕ ಕೋಳಿಗೂಡಿಗೂ ಬೇಕು.

ಲಸಿಕೆಯ ವಿಷಯ ನಮ್ಮವರಿಗೆ ತಿಳಿಯದೆಂದಲ್ಲ. ಅದರ ಸೀಸೆ ಕಡಿಮೆಯೆಂದರೂ ನೂರು ಕೋಳಿಗೆ ಆಗುವಂಥದು, ತಂಪಿನಲ್ಲೇ ಇರಬೇಕು, ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಇಪ್ಪತ್ತೈದು ಕೋಳಿಯವನು ಏನು ಮಾಡಿಯಾನು? ಪುಡಿಯ ಪೊಟ್ಟಣ ತರುತ್ತಾನೆ. ಒಬ್ಬನಿಂದಾಗದ್ದನ್ನು ಹತ್ತು ಜನ ಸೇರಿ ಮಾಡಲೆಂದೇ ಅಲ್ಲವೇ ಸಹಕಾರ ಸಂಘವಿರುವುದು?

ಆದುದರಿಂದ ನನ್ನ ಸಲಹೆ ಇಷ್ಟು. ಒಂದು ಊರಿನ ಸದಸ್ಯರು ಒಂದೇ ವಾರದಲ್ಲಿ ಮರಿ ತರಿಸಿಕೊಳ್ಳಲಿ. ಸಂಘವು ಲಸಿಕೆ ಮತ್ತು ಮಂಜುಗಡ್ಡೆಯ ಪೆಟ್ಟಿಗೆ ಒದಗಿಸಿ, ಪಶುವೈದ್ಯರಿಂದ ತರಬೇತಿ ಪಡೆದ ಒಬ್ಬರನ್ನು ನಿಗದಿತ ದಿನ ಬೆಳಿಗ್ಗೆ ಮನೆಮನೆಗೆ ಕಳುಹಿಸಲಿ. ಆಂಟಿಬಯಾಟಿಕ್ ಪೊಟ್ಟಣಗಳು ನಮ್ಮ ಮಳಿಗೆಯಲ್ಲಿ ಬೇಡ. ಕೋಳಿಗೆ ನಿಜವಾಗಿ ಬೇಕಾದಾಗ ಪಶುವೈದ್ಯರ ಚೀಟಿಯಂತೆ ಪೂರ್ಣ ಅವಧಿಗೆ ಕೊಟ್ಟು, ಅವರು ಹೇಳಿದಷ್ಟು ದಿನ ಅದರ ಮೊಟ್ಟೆ, ಮಾಂಸ ಬಳಸದಿರೋಣ.

ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇನೆ. ಒಪ್ಪದ ಸದಸ್ಯರು ದಯವಿಟ್ಟು ಬರೆದು ತಿಳಿಸಲಿ. ಅದನ್ನೂ ಈ ಪತ್ರಿಕೆಯಲ್ಲೇ ಪ್ರಕಟಿಸೋಣ.