ಯಾರು ಬಂದರೆಂಬುದು ತಿಳಿಯಲಿ, ಯಾರಿಗೆಂಬುದು ಬೇಡ



ಕಳೆದ ಮಹಾಸಭೆಯಲ್ಲಿ ಯುವ ಸದಸ್ಯರೊಬ್ಬರು ಒಂದು ಸಲಹೆ ಮುಂದಿಟ್ಟರು. ಆಡಳಿತ ಮಂಡಲಿಯ ಚುನಾವಣೆಗೆಂದು ಕೊಯ್ಲು ಬಿಟ್ಟು ಇಷ್ಟು ದೂರ ಬರುವುದೇಕೆ, ಮೊಬೈಲಿಗೆ ಬರುವ ಗುಪ್ತಸಂಖ್ಯೆ ಒತ್ತಿ ಮನೆಯಿಂದಲೇ ಮತ ಹಾಕಬಾರದೇಕೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವರ ಸದುದ್ದೇಶವನ್ನು ನಾನೂ ಒಪ್ಪುತ್ತೇನೆ. ಸಲಹೆಯನ್ನು ಮಾತ್ರ ಒಪ್ಪಲಾರೆ.

ಮತದಾನದಲ್ಲಿ ಎರಡು ಕೆಲಸಗಳಿವೆ. ಬಂದವರು ನಿಜವಾದ ಮತದಾರರೇ ಎಂದು ನೋಡುವುದು ಒಂದು. ಅವರು ಯಾರಿಗೆ ಹಾಕಿದರೆಂಬುದನ್ನು ಯಾರೂ ನೋಡದಂತೆ ಕಾಯುವುದು ಇನ್ನೊಂದು. ಮೊದಲನೆಯದು ಸಡಿಲವಾದರೆ ಸತ್ತವರ ಹೆಸರಿನಲ್ಲೂ ಮತ ಬೀಳುತ್ತದೆ; ಎರಡನೆಯದು ಸಡಿಲವಾದರೆ ಬದುಕಿರುವವರು ಹೆದರಿ ಹಾಕುತ್ತಾರೆ. ನೆರೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಶಾಸಕರ ಗೆಲುವು ಒಂದೇ ಮತದ ಅಂತರದಲ್ಲಿ ತೀರ್ಮಾನವಾಯಿತು. ಒಂದೊಂದು ಮತಕ್ಕೂ ಅಷ್ಟು ಬೆಲೆಯಿದೆ.

ಮತಗಟ್ಟೆಯಲ್ಲಿ ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ರುಜು ಅಥವಾ ಹೆಬ್ಬೆಟ್ಟು ಪಡೆಯುತ್ತಾರೆ. 1962ರ ಮಹಾಚುನಾವಣೆಯಿಂದ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ ಒದಗಿಸುತ್ತಿರುವ ಅಳಿಸಲಾಗದ ಶಾಯಿಯನ್ನು ಬೆರಳಿಗೆ ಹಚ್ಚುತ್ತಾರೆ. ಆಮೇಲೆ ಅಧಿಕಾರಿ ಗುಂಡಿ ಒತ್ತಿದರೆ ಒಂದು ಮತಕ್ಕಷ್ಟೇ ಯಂತ್ರ ಸಿದ್ಧವಾಗುತ್ತದೆ. ಮರೆಯೊಳಗಿನ ಯಂತ್ರಕ್ಕೆ ನಮ್ಮ ಹೆಸರು ಗೊತ್ತಿಲ್ಲ. ಹೆಸರು ಬಲ್ಲ ಪುಸ್ತಕಕ್ಕೆ ನಮ್ಮ ಮತ ಗೊತ್ತಿಲ್ಲ.

ಹೀಗಿದ್ದೂ ಒಂದು ಸಂದು ಉಳಿದಿದೆ. ಕಾಗದದ ಕಾಲದಲ್ಲಿ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸಬಹುದಿತ್ತು. ಈಗ ಯಂತ್ರವಾರು ಎಣಿಕೆಯಾದ್ದರಿಂದ ಯಾವ ಊರು ಯಾರಿಗೆ ಒಲಿಯಿತೆಂಬುದು ಬಯಲಾಗುತ್ತದೆ. ಹಲವು ಯಂತ್ರಗಳ ಮತ ಒಟ್ಟಿಗೆ ಕೂಡಿಸುವ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲಿ ಸೂಚಿಸಿತು, ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು. ಇನ್ನೂ ಜಾರಿಗೆ ಬಂದಿಲ್ಲ.

ಮೊಬೈಲಿನಲ್ಲಾದರೋ ಹೆಸರೂ ಮತವೂ ಒಂದೇ ದಾರಿಯಲ್ಲಿ ಹೋಗುತ್ತವೆ. ಎಸ್ಟೋನಿಯಾ ದೇಶದಲ್ಲಿ 2005ರಿಂದ ಅಂತರ್ಜಾಲದ ಮತದಾನವಿದೆ. ಅಲ್ಲಿ ಹೆಸರು ಹೊರಲಕೋಟೆಯಂತೆ, ಮತ ಒಳಲಕೋಟೆಯಂತೆ. ಎಣಿಕೆಗೆ ಮೊದಲು ಹೊರಲಕೋಟೆ ತೆಗೆದಿಡುತ್ತಾರೆ. ಯಾರಾದರೂ ಒತ್ತಾಯದಿಂದ ಹಾಕಿಸಿದರೆ ಮತ್ತೆ ಹಾಕಬಹುದು, ಕೊನೆಯದೇ ಲೆಕ್ಕಕ್ಕೆ. ಅಂಥ ಏರ್ಪಾಡು ನಮ್ಮ ಪುಟ್ಟ ಸಂಘದ ಕೈಗೆಟುಕುವುದೇ? ಅಡಿಕೆಗೆ ಮುಂಗಡ ಕೊಟ್ಟ ವ್ಯಾಪಾರಿ ಜಗಲಿಯ ಮೇಲೆ ಕುಳಿತು, "ಕೊಡಿ ಗೌಡ್ರೇ, ನಾನೇ ಒತ್ತುತ್ತೇನೆ" ಎಂದರೆ ಬೇಡವೆನ್ನುವವರು ನಮ್ಮಲ್ಲೆಷ್ಟು ಜನ?

ಇನ್ನೊಂದು ಮಾತು. ನಿಮ್ಮ ಸಾಲದ ಅರ್ಜಿ ಬರುವುದು ನನ್ನ ಮೇಜಿಗೆ. ನಿಮ್ಮ ಮತದ ಗುಟ್ಟೂ ಅದೇ ಮೇಜಿಗೆ ಬರುವುದು ಬೇಡ. ನನ್ನ ಮೇಲೆ ನಂಬಿಕೆಯಿದೆಯೆಂದು ಒಪ್ಪಿಬಿಡಬೇಡಿ; ನಾಳೆ ಈ ಕುರ್ಚಿಯಲ್ಲಿ ಇನ್ನೊಬ್ಬರಿರುತ್ತಾರೆ.

ದೂರದ ಕಷ್ಟ ನಿಜ. ಅದಕ್ಕೆ ಕೊಯ್ಲು ಮುಗಿದ ಮೇಲೆ ಎರಡು ಮೂರು ಕಡೆ ಮತಗಟ್ಟೆ ಇಡುವಂತೆ, ಭಾವಚಿತ್ರವಿರುವ ಚೀಟಿ ನೋಡಿಯೇ ಮತಪತ್ರ ಕೊಡುವಂತೆ, ಪೆಟ್ಟಿಗೆಗಳನ್ನೆಲ್ಲ ಒಂದೆಡೆ ಸುರಿದು ಬೆರೆಸಿಯೇ ಎಣಿಸುವಂತೆ ಚುನಾವಣಾಧಿಕಾರಿಗಳನ್ನು ಕೋರೋಣ. ಸದಸ್ಯರು ಮುಂದಿನ ಸಭೆಯೊಳಗೆ ತಮ್ಮ ಅಭಿಪ್ರಾಯ ಬರೆದು ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ, ಸೋಸಲೆ