ಸಮವಾದರೂ ಅದು ಆಟವೇ

ಸೋಲು-ಗೆಲುವು ಇಲ್ಲದ ಮೇಲೆ ಅದೆಂಥ ಆಟ, ಪೈಪೋಟಿ ಮಕ್ಕಳ ಹುಟ್ಟುಗುಣ ಎನ್ನುವವರಿಗೆ ಮೊದಲ ಉತ್ತರ. ಪಪುವಾ ನ್ಯೂಗಿನಿಯ ತಂಗು ಜನರ ಮಕ್ಕಳು ಆಡುತ್ತಿದ್ದ ‘ತಕೆತಕ್’ ಆಟವನ್ನು ಮಾನವಶಾಸ್ತ್ರಜ್ಞ ಕೆನೆಲ್ಮ್ ಬರಿಜ್ 1957ರಲ್ಲಿ ವಿವರಿಸಿದ್ದಾರೆ. ಎರಡು ತಂಡ, ನೆಲದಲ್ಲಿ ನೆಟ್ಟ ಗರಿಕಡ್ಡಿಗಳ ಎರಡು ಗುಂಪು. ಬುಗುರಿ ಬೀಸಿ ಕಡ್ಡಿಗಳಿಗೆ ತಾಗಿಸಬೇಕು. ಇಷ್ಟರವರೆಗೆ ನಮ್ಮ ಮಕ್ಕಳೂ ತಕ್ಷಣ ಆಟಕ್ಕಿಳಿದಾರು. ಆದರೆ ಅಲ್ಲಿನ ಗುರಿ ಬೇರೆ. ಎರಡೂ ಕಡೆಯ ಲೆಕ್ಕ ಸಮನಾಗಬೇಕು. ಕಡಿಮೆ ತಾಗಿದರೆ ಸಾಲದು, ಹೆಚ್ಚು ತಾಗಿದರೆ ಸಲ್ಲದು. ಬೇಕಾದಷ್ಟಕ್ಕೇ ತಾಗಿಸಲು ಎಂಥ ಕೈಚಳಕ ಬೇಕು! ತಂಗು ಹಿರಿಯರು ಪರಸ್ಪರ ಆಹಾರ ಹಂಚಿಕೊಳ್ಳುವಾಗಲೂ ಕೊಟ್ಟದ್ದು, ಪಡೆದದ್ದು ಸರಿತೂಗಲೇಬೇಕಿತ್ತು. ಊರು ಯಾವುದನ್ನು ನ್ಯಾಯ ಎಂದು ಬಾಳುತ್ತದೋ ಅದನ್ನೇ ಮಕ್ಕಳು ಬುಗುರಿಯಲ್ಲಿ ಆಡುತ್ತಾರೆ. ಅದೇ ನ್ಯೂಗಿನಿಯ ಗಹುಕು-ಗಾಮಾ ಜನ ಫುಟ್‌ಬಾಲ್ ಕಲಿತ ಮೇಲೂ, ಎರಡು ತಂಡಗಳ ಲೆಕ್ಕ ಸರಿಯಾಗುವ ತನಕ ದಿನಗಟ್ಟಲೆ ಪಂದ್ಯ ಆಡುತ್ತಿದ್ದರೆಂದು ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ 1962ರಲ್ಲಿ ಬರೆದರು. ಇವರಿಗೆ ಆಟ ಗೊತ್ತಿಲ್ಲ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಎರಡನೆಯವರು ಮನಶ್ಶಾಸ್ತ್ರಜ್ಞ ಪಿಯಾಜೆಯನ್ನು ಮುಂದಿಡುತ್ತಾರೆ: ನಿಯಮಗಳ ತಿಳಿವಳಿಕೆ ಎಲ್ಲ ಮಕ್ಕಳಲ್ಲೂ ಒಂದೇ ಮೆಟ್ಟಿಲು ಹತ್ತಿ ಬರುತ್ತದೆ ಎಂದು. 1932ರಲ್ಲಿ ಬಂದ ಅವರ ಪುಸ್ತಕದ ಬಗ್ಗೆ ನನಗೆ ಗೌರವವಿದೆ. ಅವರಷ್ಟು ಶ್ರದ್ಧೆಯಿಂದ ಮಕ್ಕಳ ಗೋಲಿಯಾಟ ನೋಡಿದವರು ವಿರಳ. ಆದರೆ ಅವರು ನೋಡಿದ್ದು ಜಿನೀವಾ ಮತ್ತು ನ್ಯೂಶಾಟೆಲ್‌ನ ಮಕ್ಕಳನ್ನು. ಅಲ್ಲಿನ ಹುಡುಗಿಯರ ಆಟಗಳಲ್ಲೇ ಹುಡುಗರ ಗೋಲಿಯಷ್ಟು ಜಟಿಲವಾದ ನಿಯಮಗಳು ಅವರಿಗೆ ಕಾಣಲಿಲ್ಲ. ಅದೇ ಊರುಗಳ ಹುಡುಗಿಯರಿಗೆ ಸರಿಹೊಂದದ ಅಳತೆಗೋಲನ್ನು ತಂಗು ಮಕ್ಕಳ ಮುಂದೆ ಹಿಡಿಯುವುದು ಹೇಗೆ?

ಕೆಲಸದ ಅನುಕರಣೆ ಆಟವಲ್ಲ, ದುಡಿಮೆಯ ಮುನ್ನುಡಿ ಎಂಬ ಮೂರನೆಯ ಆಕ್ಷೇಪದ ಹಿಂದಿರುವ ಕಾಳಜಿ ನಿಜವಾದದ್ದು. ಮಗುವನ್ನು ದುಡಿಸುವುದನ್ನು ಯಾರೂ ಸಮರ್ಥಿಸಬಾರದು. ಆದರೆ ಲೈಬೀರಿಯದ ಕ್ಪೆಲೆ ಹುಡುಗರು ಕಮ್ಮಾರರಾಗಿ ನಟಿಸುತ್ತಾ ಆಡುವುದನ್ನು ಮಾನವಶಾಸ್ತ್ರಜ್ಞ ಡೇವಿಡ್ ಲ್ಯಾನ್ಸಿ ದಾಖಲಿಸಿದ್ದಾರೆ. ಅಲ್ಲಿ ಯಾರೂ ಅವರನ್ನು ದುಡಿಸುತ್ತಿಲ್ಲ. ತಾವು ದಿನವೂ ಕಂಡ ಲೋಕವನ್ನು ಅವರು ತಮ್ಮದಾಗಿಸಿಕೊಳ್ಳುತ್ತಿದ್ದಾರೆ.

ನನ್ನನ್ನು ಹೆಚ್ಚು ನೋಯಿಸುವುದು ಕೊನೆಯ ವಾದ: ಜೊತೆಗೆ ಕೂತು ಆಡದ ತಾಯಿ ಮಗುವಿನ ಬೆಳವಣಿಗೆಗೆ ಅಡ್ಡಿ ಎಂಬುದು. ಮೆಕ್ಸಿಕೋದ ಯುಕಟಾನ್‌ನ ಮಾಯಾ ಮನೆಗಳಲ್ಲಿ ದೊಡ್ಡವರು ತಾವು ಮಕ್ಕಳ ಆಟದ ಜೊತೆಗಾರರೆಂದು ಭಾವಿಸುವುದಿಲ್ಲ ಎಂದು ಸಂಶೋಧಕಿ ಸುಝಾನ್ ಗ್ಯಾಸ್ಕಿನ್ಸ್ ತೋರಿಸಿದ್ದಾರೆ. ಮಗುವಿಗೆ ಅಕ್ಕ, ಅಣ್ಣ, ಚಿಕ್ಕಪ್ಪನ ಮಕ್ಕಳು ಇದ್ದಾರೆ. ನಮ್ಮ ಓಣಿಗಳಲ್ಲೂ ಲಗೋರಿ, ಕುಂಟೆಬಿಲ್ಲೆ ಕಲಿಸಿದವರು ದೊಡ್ಡ ಮಕ್ಕಳೇ. ಪುಟ್ಟ ತಮ್ಮ ಅಳುತ್ತಾ ಬಂದರೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಂಡು, ಔಟಾದರೂ ಓಡಲು ಬಿಟ್ಟವರು ಅವರು. ಬೆಳಗಿನಿಂದ ಗದ್ದೆಯಲ್ಲಿ ಬಗ್ಗಿ ನಿಂತ ತಾಯಿಗೆ ‘ಮಗುವಿನ ಜೊತೆ ಎಷ್ಟು ಹೊತ್ತು ಆಡುತ್ತೀರಿ’ ಎಂದು ಕೇಳುವವರು, ಆ ಮಗು ಯಾರ್‍ಯಾರ ಜೊತೆ ಆಡುತ್ತದೆ ಎಂದು ಮೊದಲು ಕೇಳಲಿ.